ಅದೇ ತೂಕದ ಗುಂಡು, ಅದೇ ಮದ್ದು, ಅದೇ ಉದ್ದ. ಮತ್ತೆ ಹೊಡೆತ ಯಾಕೆ ಬಿರುಸಾಯಿತು?

ನೀರ್ಚಾಲಿನ_ಲೇತ್
ಎಲ್ಲರಿಗೂ ನಮಸ್ಕಾರ. ನಾನು ಮೂವತ್ತು ವರ್ಷ ಮಂಗಳೂರಿನಲ್ಲಿ ಲೇತ್ ಮೇಲೆ ದುಡಿದು ಈಗ ನೀರ್ಚಾಲಿನಲ್ಲಿ ಅಡಕೆ ತೋಟ ನೋಡಿಕೊಂಡಿದ್ದೇನೆ. ಕೋವಿ, ಪಿಸ್ತೂಲಿನ ವಿಷಯ ನನಗೆ ಹೊಸತು. ಅಳತೆಯ ವಿಷಯ ಹೊಸತಲ್ಲ. ಹಾಗಾಗಿಯೇ ಈ ಪ್ರಶ್ನೆ ತಲೆಯಿಂದ ಹೋಗುತ್ತಿಲ್ಲ.

ಹೋದ ಮಳೆಗಾಲ ಅಮೆರಿಕದ ಒಹಾಯೊದಲ್ಲಿ ಅಕ್ಕನ ಮನೆಯಲ್ಲಿದ್ದೆ. ಭಾವ ಅಲ್ಲಿಯ ಕ್ಲಬ್ಬಿನಲ್ಲಿ 9 ಎಂಎಂ ಪಿಸ್ತೂಲಿನಲ್ಲಿ ಗುರಿ ಹೊಡೆಯುತ್ತಾರೆ, ತೋಟೆಗಳನ್ನು ತಾವೇ ಗ್ಯಾರೇಜಿನಲ್ಲಿ ತುಂಬುತ್ತಾರೆ, ಅಂದರೆ ಹಿತ್ತಾಳೆಯ ಕೇಸಿಗೆ ಮದ್ದು ಹಾಕಿ ಬಾಯಿಗೆ ಗುಂಡು ಕೂರಿಸುತ್ತಾರೆ. ಅಲ್ಲಿ ಅದಕ್ಕೆ ಅಡ್ಡಿ ಇಲ್ಲ, ಪ್ರೆಸ್, ಡೈ (ಗುಂಡು ಕೂರಿಸುವ ಅಚ್ಚು), ಮದ್ದು ಎಲ್ಲ ಅಂಗಡಿಯಲ್ಲೇ ಸಿಗುತ್ತದೆ. ಅವರು ಯಾವಾಗಲೂ ತುಂಬುವುದು 115 ಗ್ರೇನಿನ (ಗ್ರೇನ್ ಅಂದರೆ ಗುಂಡು, ಮದ್ದು ತೂಗುವ ಸಣ್ಣ ಅಳತೆ) ಗುಂಡು, ಒಳಗೆ ಸೀಸ, ಮೇಲೆ ತಾಮ್ರದ ಹೊದಿಕೆ, ಮೂತಿ ಉರುಟು. ನಾನು ಇರುವಾಗ ಹೊಸ ಡಬ್ಬ ತಂದರು. ಅದೂ 115 ಗ್ರೇನ್, ಆದರೆ ಪೂರ್ತಿ ತಾಮ್ರ, ಮೂತಿಯಲ್ಲಿ ತೂತು. ತೂಕ ಒಂದೇ ಅಲ್ವಾ ಅಂತ ಮದ್ದು ಹಳೆಯಷ್ಟೇ ಹಾಕಿದರು. ಮೂತಿಯ ಆಕಾರ ಬೇರೆಯಾದ್ದರಿಂದ ಡೈ ಸ್ವಲ್ಪ ತಿರುಗಿಸಿ ತೋಟೆಯ ಒಟ್ಟು ಉದ್ದ ಮಾತ್ರ ಹಳೆಯದಕ್ಕೇ ಸರಿ ಮಾಡಿಕೊಂಡರು, 28.6 ಎಂಎಂ. ನಾನೇ ವರ್ನಿಯರ್ ಹಿಡಿದು ಹತ್ತು ತೋಟೆ ನೋಡಿದೆ. ಕೂದಲೆಳೆಯಷ್ಟೂ ಹೆಚ್ಚು ಕಮ್ಮಿ ಇರಲಿಲ್ಲ.

ಹೊಡೆಯುವಾಗ ಮಾತ್ರ ಬೇರೆಯೇ ಆಯಿತು. ಕೈಗೆ ಬರುವ ಒದೆತ ಚುರುಕು. ಖಾಲಿ ಕೇಸುಗಳು ಮೊದಲು ಬೀಳುತ್ತಿದ್ದಲ್ಲಿಂದ ಎರಡು ಹೆಜ್ಜೆ ಆಚೆ ಬೀಳುತ್ತಿದ್ದವು. ಹೆಕ್ಕಿದವ ನಾನೇ, ಅದಕ್ಕೇ ಗೊತ್ತು. ಭಾವ "ನಿನಗೆ ಹಾಗೆ ಕಂಡದ್ದು ಮಾರಾಯ" ಎಂದರು. ನನಗೆ ಸಮಾಧಾನ ಆಗಲಿಲ್ಲ. ಗುಂಡು ಒಳಗೆ ಎಷ್ಟು ಕೂತಿದೆ ಎನ್ನುವುದರಿಂದ ಒತ್ತಡ ಅಷ್ಟು ಬದಲಾಗುತ್ತದಾ? ತಿಳಿದವರು ಹೇಳಿ.

ಪೆರ್ಲದವ
ತಕ್ಕಡಿ ನೋಡಿ ಮೊದಲು. ಮದ್ದು ಜಾಸ್ತಿ ಬಿದ್ದಿರಬಹುದು.

ನೀರ್ಚಾಲಿನ_ಲೇತ್
@ಪೆರ್ಲದವ ಅದನ್ನು ಮೊದಲೇ ನೋಡಿದ್ದೇವೆ. ಕಂಪನಿ ಕೊಟ್ಟ ತೂಕದ ಬಟ್ಟು ಇಟ್ಟು ತಕ್ಕಡಿ ಸರಿ ಮಾಡಿ, ಐದು ಸಲ ತೂಗಿದೆವು. ಮದ್ದಿನಲ್ಲಿ ತಪ್ಪಿಲ್ಲ.

ಬಂದಡ್ಕ_ಕೃಷಿಕ
ಗುಂಡು ಎಷ್ಟು ಒಳಗೋ ಅಷ್ಟು ಒಳ್ಳೆಯದು. ನಮ್ಮ ಅಜ್ಜನ ಹತ್ತಿರ ಕೇಪಿನ ಕೋವಿ ಇತ್ತು, ಲೈಸೆನ್ಸ್ ಇದ್ದದ್ದೇ. ಮದ್ದು ಹಾಕಿ, ಮೇಲೆ ಗುಂಡು ಹಾಕಿ, ಕಂಬಿಯಿಂದ ಜಡಿಯುವಾಗ ಕಂಬಿ ಟಣ್ ಅಂತ ಹಿಂದಕ್ಕೆ ಹಾರಬೇಕು, ಆಗ ಮಾತ್ರ ಗುಂಡು ಮದ್ದಿಗೆ ತಾಗಿದೆ ಅಂತ ಲೆಕ್ಕ. ಕಂಬಿಗೆ ಒಂದು ಗೀರು ಹಾಕಿದ್ದರು, ನಳಿಗೆಯ ಬಾಯಿಗೆ ಆ ಗೀರು ಸರಿಯಾಗಿ ಬರಬೇಕು. ಗೀರು ಮೇಲೆ ಕಂಡರೆ ಕೋವಿ ಮುಟ್ಟಲಿಕ್ಕೇ ಬಿಡುತ್ತಿರಲಿಲ್ಲ. ನಡುವೆ ಜಾಗ ಬಿಟ್ಟರೆ ನಳಿಗೆ ಉಬ್ಬುತ್ತದೆ, ಒಡೆಯುತ್ತದೆ. ಹಾಗಿರುವಾಗ ಒಳಗೆ ಕೂರಿಸಿದ್ದರಿಂದ ತೊಂದರೆ ಅಂದರೆ ನಾನು ಒಪ್ಪುವುದಿಲ್ಲ.

ಅಕ್ಕಲಕೋಟ_ರೈಫಲ್
ಬಂದಡ್ಕದವರು ಹೇಳಿದ್ದು ಒಂದು ರೀತಿಯಲ್ಲಿ ಖರೇ ಅದ. ರೈಫಲಿನಲ್ಲಿ ಗುಂಡನ್ನು ಹೊರಗೆ ಹೊರಗೆ ಕೂರಿಸಿದರೆ ಅದು ನಳಿಗೆಯ ಒಳಗಿನ ಗೆರೆಗಳಿಗೆ ತಾಗುತ್ತದೆ. ತಾಗಿ ನಿಂತ ಗುಂಡು ಹೊರಡಲು ಜೋರು ಬೇಕು, ಆಗ ಒತ್ತಡ ಏರುತ್ತದೆ. ಸ್ವಲ್ಪ ಒಳಗೆ ಕೂರಿಸಿದರೆ ಗುಂಡು ಓಡಿ ಬಂದು ಗೆರೆ ಹಿಡಿಯುತ್ತದೆ, ಒತ್ತಡ ಇಳಿಯುತ್ತದೆ. ನಾನು ಓದಿದ್ದೂ ಹೀಗೇ, ಹಿರಿಯ ಶೂಟರ್‌ಗಳ ಬಾಯಿಂದ ಕೇಳಿದ್ದೂ ಹೀಗೇ. ಒಳಗೆ ಹೋದರೆ ಒತ್ತಡ ಏರಿತು ಅನ್ನೋದು ನನಗೆ ಉಲ್ಟಾ ಕಾಣುತ್ತದೆ.

ಹೊಸೂರು_25ಮೀಟರ್
ಅಕ್ಕಲಕೋಟದ ಸರ್, ರೈಫಲಿಗೆ ನೀವು ಹೇಳಿದ್ದು ಸರಿ. ಪಿಸ್ತೂಲಿಗೆ ಅದನ್ನು ತಂದು ಅಂಟಿಸಬೇಡಿ, ಅಲ್ಲಿಯೇ ಜನ ಎಡವುವುದು. ರೈಫಲಿನ ಕೇಸ್ ದೊಡ್ಡ ಕೊಡ. .30-06 ಅನ್ನುವ ರೈಫಲ್ ಕೇಸಿನಲ್ಲಿ ಬಾಯಿಮಟ್ಟ ನೀರು ತುಂಬಿದರೆ 4 ಮಿಲಿಗಿಂತ ಜಾಸ್ತಿ ಹಿಡಿಯುತ್ತದೆ. 9 ಎಂಎಂ ಕೇಸ್ ಹಿಡಿಯುವುದು ಸುಮಾರು 0.86 ಮಿಲಿ. ಅದರಲ್ಲಿ ಗುಂಡಿನ ಬುಡವೂ ಕೂರಬೇಕು. ಕೊಡದಿಂದ ಒಂದು ಚಮಚ ನೀರು ತೆಗೆದರೆ ಗೊತ್ತಾಗುವುದಿಲ್ಲ, ಲೋಟದಿಂದ ತೆಗೆದರೆ ಕಾಣುತ್ತದೆ ಅಲ್ವಾ? ಇಲ್ಲಿ ಜಾಗವೇ ಯಜಮಾನ.

ನೀರ್ಚಾಲಿನ ಅಣ್ಣನಿಗೆ ಒಂದು ಪ್ರಶ್ನೆ. ನೀವು ತೋಟೆಯ ಉದ್ದ ಅಳೆದಿರಿ. ಗುಂಡಿನ ಉದ್ದ ಅಳೆದಿರಾ?

ಮಂಜೇಶ್ವರ_ಟೀಚರ್
ನಾನು ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಪಿಸ್ತೂಲು ಕೈಯಲ್ಲಿ ಹಿಡಿದವಳಲ್ಲ, ಆದರೆ ಸಣ್ಣದಿರುವಾಗ ಬಿದಿರಿನ ಪೆಟ್ಲು ಹಿಡಿದವಳು. ನಿಮಗೆಲ್ಲ ನೆನಪುಂಟಲ್ಲ? ಬಿದಿರಿನ ಕೊಳವೆಯ ಆ ಕೊನೆಗೆ ಒಂದು ಹಸಿ ಕಾಯಿ, ಈ ಕೊನೆಗೆ ಇನ್ನೊಂದು. ಹಿಂದಿನದನ್ನು ಕೋಲಿನಿಂದ ತಳ್ಳಿದರೆ ನಡುವಿನ ಗಾಳಿ ಕುಗ್ಗಿ ಮುಂದಿನ ಕಾಯಿ ಪಟ್ ಅಂತ ಹಾರುತ್ತದೆ. ಗಾಳಿ ಅಷ್ಟೇ, ಜಾಗ ಕಮ್ಮಿ, ಅದಕ್ಕೇ ಒತ್ತಡ.

ತೋಟೆಯಲ್ಲಿ ಇದಕ್ಕಿಂತ ಒಂದು ಹೆಜ್ಜೆ ಮುಂದಿನ ಸಂಗತಿ ಉಂಟು. ಪೆಟ್ಲಿನಲ್ಲಿ ಗಾಳಿ ಇದ್ದಷ್ಟೇ ಇರುತ್ತದೆ. ತೋಟೆಯಲ್ಲಿ ಮದ್ದು ಉರಿದು ಅನಿಲ ಹುಟ್ಟುತ್ತಲೇ ಇರುತ್ತದೆ. ತೋಟೆಯೊಳಗಿನ ಹೊಗೆರಹಿತ ಮದ್ದಿನ ಗುಣ ಏನೆಂದರೆ, ಸುತ್ತಲಿನ ಒತ್ತಡ ಏರಿದಷ್ಟೂ ಅದು ಬೇಗ ಉರಿಯುತ್ತದೆ. 1884ರಲ್ಲಿ ಹೊಗೆರಹಿತ ಮದ್ದು ಮಾಡಿದ ಫ್ರಾನ್ಸಿನ ಪಾಲ್ ವಿಯೆಯ್ ಅವರ ಹೆಸರಿನಲ್ಲೇ ಈ ನಿಯಮ ಉಂಟು. ಜಾಗ ಕಿರಿದಾದರೆ ಒತ್ತಡ ಬೇಗ ಏರುತ್ತದೆ, ಏರಿದ್ದಕ್ಕೆ ಮದ್ದು ಇನ್ನೂ ಬೇಗ ಉರಿಯುತ್ತದೆ, ಬೇಗ ಉರಿದದ್ದಕ್ಕೆ ಒತ್ತಡ ಮತ್ತೂ ಏರುತ್ತದೆ. ಗುಂಡು ಮುಂದೆ ಸರಿದು ಸಾಕಷ್ಟು ಜಾಗ ಬಿಟ್ಟುಕೊಡುವ ಮೊದಲೇ ಒತ್ತಡ ತುದಿಗೆ ಏರಿರುತ್ತದೆ. ಹಾಗಾಗಿ ಜಾಗ ನೂರಕ್ಕೆ ಹತ್ತು ಕಮ್ಮಿಯಾದರೆ ಒತ್ತಡವೂ ನೂರಕ್ಕೆ ಹತ್ತೇ ಜಾಸ್ತಿ ಅಂತ ನೇರ ಲೆಕ್ಕ ಹಾಕಲು ಬರುವುದಿಲ್ಲ. ಅದಕ್ಕಿಂತ ಹೆಚ್ಚೇ ಏರುತ್ತದೆ.

ಬಂದಡ್ಕದ ಅಣ್ಣ, ನಿಮ್ಮ ಅಜ್ಜ ಮಾಡಿದ್ದು ಆ ಕೋವಿಗೆ ನೂರಕ್ಕೆ ನೂರು ಸರಿ. ಅದು ಕರಿಮದ್ದಿನ ಕೋವಿ, ಅದರ ದಾರಿ ಬೇರೆ.

ಬಂದಡ್ಕ_ಕೃಷಿಕ
ಟೀಚರ್ ಹೇಳಿದ್ದು ಅರ್ಥ ಆಯಿತು. ಎರಡೂ ಮದ್ದೇ ಅಂತ ನಾನು ಒಂದೇ ಲೆಕ್ಕಕ್ಕೆ ಹಿಡಿದಿದ್ದೆ. ಪೆಟ್ಲಿಗೆ ನಾವು ಹಾಕುತ್ತಿದ್ದ ಕಾಯಿಯ ಹೆಸರು ನಾಲಗೆ ತುದಿಗೆ ಬಂದು ನಿಂತಿದೆ, ಯಾರಾದರೂ ಹೇಳಿ.

ಉಪ್ಪಳ_ದುಬೈ
ನಮ್ಮಲ್ಲಿ ಒದ್ದೆ ಪೇಪರ್ ಉಂಡೆ ಮಾಡಿ ಹಾಕುತ್ತಿದ್ದೆವು. ಅದಕ್ಕೇ ಶಬ್ದ ಜಾಸ್ತಿ.

ಮುಳ್ಳೇರಿಯಾ_ಮಾಜಿಸೈನಿಕ
ಒಂದು ಅನುಭವ ಹೇಳುತ್ತೇನೆ. ಸೇನೆಯಲ್ಲಿ ನಮ್ಮ ಕೈಗೆ ಬಂದದ್ದು 9 ಎಂಎಂ ಪಿಸ್ತೂಲ್ 1ಎ, ಇಶಾಪುರದಲ್ಲಿ ತಯಾರಾದದ್ದು. ನಿವೃತ್ತಿಯಾದ ಮೇಲೆ ಹೊರದೇಶದಲ್ಲಿ ಕೆಲವು ವರ್ಷ ಸೆಕ್ಯುರಿಟಿ ಕೆಲಸ ಮಾಡಿದೆ. ಅಲ್ಲಿ ಡ್ಯೂಟಿ ಶುರುವಾಗುವಾಗ ಲೋಡ್, ಮುಗಿದಾಗ ಅನ್‌ಲೋಡ್. ಚೇಂಬರಿನಿಂದ (ನಳಿಗೆಯ ಬುಡದಲ್ಲಿ ತೋಟೆ ಕೂರುವ ಜಾಗ) ತೆಗೆದ ತೋಟೆಯನ್ನು ಮ್ಯಾಗಜೀನಿನಲ್ಲಿ (ತೋಟೆ ತುಂಬಿಡುವ ಡಬ್ಬಿ) ಎಲ್ಲದರ ಮೇಲೆಯೇ ಇಡುವುದು ಎಲ್ಲರ ಅಭ್ಯಾಸ. ಅಂದರೆ ದಿನಾ ಅದೇ ಒಂದು ತೋಟೆ ಚೇಂಬರಿಗೆ ಹೋಗಿ ಬರುತ್ತದೆ.

ಒಂದು ದಿನ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದಾಗ ಆ ತೋಟೆ ಪಕ್ಕದವುಗಳಿಗಿಂತ ಗಿಡ್ಡ ಕಂಡಿತು. ಕಣ್ಣಿಗೇ ಕಂಡಿತು, ವರ್ನಿಯರ್ ಬೇಕಾಗಲಿಲ್ಲ. ಮೂತಿಯಲ್ಲಿ ಸಣ್ಣ ಉಜ್ಜಿದ ಗುರುತು. ಪ್ರತಿ ಸಲ ಸ್ಲೈಡ್ (ಪಿಸ್ತೂಲಿನ ಮೇಲಿನ ಸರಿಯುವ ಭಾಗ) ಮುಂದೆ ಬಂದಾಗ ಗುಂಡಿನ ಮೂತಿ ಚೇಂಬರಿನ ಬಾಯಿಯ ಇಳಿಜಾರಿಗೆ ಬಡಿಯುತ್ತದೆ, ಪ್ರತಿ ಬಡಿತಕ್ಕೂ ಕೂದಲಷ್ಟು ಒಳಗೆ ಸರಿಯುತ್ತದೆ. ಅದು ಕಾರ್ಖಾನೆಯ ತೋಟೆ, ಯಾರೂ ಮನೆಯಲ್ಲಿ ತುಂಬಿದ್ದಲ್ಲ. ನಮ್ಮ ಮೇಲಿನವರಿಗೆ ತೋರಿಸಿದೆ. "ಏನೂ ಆಗುವುದಿಲ್ಲ, ಹಾಕು" ಎಂದರು. ನಾನು ಹಾಕಲಿಲ್ಲ, ಬರೆದು ಕೊಟ್ಟು ವಾಪಸ್ ಮಾಡಿದೆ. ಅದಕ್ಕಾಗಿ ಮಾತೂ ಕೇಳಿದೆ. ಇವತ್ತಿಗೂ ನನ್ನದು ಸರಿ ಅಂತಲೇ ನನ್ನ ಅಭಿಪ್ರಾಯ.

ಹೊಸೂರು_25ಮೀಟರ್
ಖಂಡಿತ ಸರಿ ಮಾಡಿದಿರಿ ಸರ್. ಆ ತೋಟೆಯನ್ನು ಮತ್ತೆ ಚೇಂಬರಿಗೆ ಹಾಕಲೇಬಾರದು.

ನೀರ್ಚಾಲಿನ_ಲೇತ್
ಹೊಸೂರಿನವರ ಪ್ರಶ್ನೆ ಓದಿದ ಕೂಡಲೇ ಕೈ ತಲೆಗೆ ಹೋಯಿತು. ಗುಂಡಿನ ಉದ್ದ ಅಳೆಯಲೇ ಇಲ್ಲ! ರಾತ್ರಿ ಭಾವನಿಗೆ ವಿಡಿಯೋ ಕಾಲ್ ಮಾಡಿದೆ. ಅವರು ಕ್ಯಾಮೆರಾ ಎದುರೇ ವರ್ನಿಯರ್ ಹಿಡಿದರು. ಹಳೆಯ ಸೀಸದ ಗುಂಡು 14.0 ಎಂಎಂ. ಹೊಸ ತಾಮ್ರದ್ದು 15.5. ಖಾಲಿ ಕೇಸ್ 19.0.

ಇನ್ನು ಲೆಕ್ಕ ನಮ್ಮದೇ ಅಂಗಡಿಯದ್ದು. ಕೇಸಿನ ಉದ್ದಕ್ಕೆ ಗುಂಡಿನ ಉದ್ದ ಕೂಡಿಸಿ ತೋಟೆಯ ಒಟ್ಟು ಉದ್ದ ಕಳೆದರೆ ಗುಂಡು ಎಷ್ಟು ಒಳಗೆ ಕೂತಿದೆ ಅಂತ ಸಿಗುತ್ತದೆ. ಹಳೆಯದು 4.4 ಎಂಎಂ ಒಳಗೆ. ಹೊಸದು 5.9. ಹೊರಗಿಂದ ನೋಡಿದರೆ ಎರಡೂ 28.6! ನಾನು ಹತ್ತು ತೋಟೆ ಅಳೆದು ಸರಿ ಅಂದದ್ದು ಹೊರಗಿನ ಅಳತೆ ಮಾತ್ರ. ಶಾಫ್ಟಿನ ಹೊರಗೆ ನೋಡಿ ಒಳಗಿನ ತೂತಿನ ಆಳ ಸರಿ ಅಂತ ಸಹಿ ಹಾಕಿದ ಹಾಗಾಯಿತು.

ಮಂಜೇಶ್ವರ_ಟೀಚರ್
ಅಂಕಿ ಕೊಟ್ಟದ್ದಕ್ಕೆ ಧನ್ಯವಾದ, ಕೂತು ಲೆಕ್ಕ ಹಾಕಿದೆ. ಗುಂಡಿನ ಅಡ್ಡಳತೆ ಸುಮಾರು 9 ಎಂಎಂ, ಅಂದರೆ ಬುಡದ ವಿಸ್ತೀರ್ಣ ಸುಮಾರು 64 ಚದರ ಎಂಎಂ. 4.4 ಎಂಎಂ ಒಳಗೆ ಕೂತರೆ ಅದು 0.28 ಮಿಲಿ ಜಾಗ ತಿನ್ನುತ್ತದೆ. ಹೊಸೂರಿನವರು ಹೇಳಿದ 0.86ರಲ್ಲಿ ಅದನ್ನು ಕಳೆದರೆ ಉಳಿಯುವುದು 0.58. 5.9 ಎಂಎಂ ಒಳಗೆ ಕೂತರೆ ಉಳಿಯುವುದು 0.48. ಮದ್ದು ಉರಿಯುವ ಜಾಗದಲ್ಲಿ ಹತ್ತಿರ ಹತ್ತಿರ ಆರರಲ್ಲೊಂದು ಪಾಲು ಹೋಯಿತು.

ಉದ್ದ ಯಾಕೆ ಜಾಸ್ತಿ ಅನ್ನುವುದಕ್ಕೂ ಕಾರಣ ಕಣ್ಣೆದುರೇ ಉಂಟು. ಒಂದು ಮಿಲಿ ಸೀಸದ ತೂಕ 11.3 ಗ್ರಾಂ, ತಾಮ್ರದ್ದು 8.9. ಅಷ್ಟೇ ತೂಕ ಬೇಕಾದರೆ ತಾಮ್ರ ಜಾಸ್ತಿ ಬೇಕು, ಅಗಲ ಬದಲಿಸಲಾಗದು, ಹಾಗಾಗಿ ಗುಂಡು ಉದ್ದ ಆಗುತ್ತದೆ. ಮೂತಿಯ ತೂತು ಅದನ್ನು ಇನ್ನೂ ಉದ್ದ ಮಾಡುತ್ತದೆ.

ಪೆರ್ಲದವ
ತಕ್ಕಡಿಯ ಮಾತು ವಾಪಸ್ ತೆಗೆದುಕೊಂಡೆ.

ಅಕ್ಕಲಕೋಟ_ರೈಫಲ್
ಲೆಕ್ಕ ಒಪ್ಪಿದೆ. ರೈಫಲಿನ ಮಾತನ್ನು ಪಿಸ್ತೂಲಿಗೆ ಹೇಳಿದ್ದು ನನ್ನ ತಪ್ಪು. ಆದರೆ ಒಂದು ಮಾತು. ಇಂಟರ್ನೆಟ್ಟಿನಲ್ಲಿ ಎಲ್ಲಿ ಹೋದರೂ ಗುಂಡು ತಯಾರಿಸುವ ಸ್ಪೀರ್ ಕಂಪನಿಯ ಕೈಪಿಡಿಯ ಒಂದೇ ಅಂಕಿ ತಂದು ಹೆದರಿಸುತ್ತಾರೆ. 9 ಎಂಎಂ ತೋಟೆ 28,000 ಸಿಯುಪಿ ಇದ್ದದ್ದು, ಗುಂಡನ್ನು 0.030 ಇಂಚು ಒಳಗೆ ತಳ್ಳಿದ್ದಕ್ಕೆ 62,000 ಆಯಿತು ಅಂತ. ಅದನ್ನು ಓದಿ ಎಲ್ಲಾ ತೋಟೆಯೂ ಮುಕ್ಕಾಲು ಮಿಲಿಮೀಟರಿಗೆ ಡಬಲ್ ಆಗುತ್ತದೆ ಅಂತ ತಿಳಿಯಬಾರದು. ಸಿಯುಪಿ ಅಂದರೆ ತಾಮ್ರದ ತುಂಡು ಎಷ್ಟು ಜಜ್ಜಿತು ಅಂತ ನೋಡುವ ಹಳೆಯ ಅಳತೆ, ಪಿಎಸ್ಐ (ಚದರ ಇಂಚಿಗೆ ಇಷ್ಟು ಪೌಂಡ್ ಅನ್ನುವ ಅಳತೆ) ಜೊತೆ ಹೋಲಿಸಲು ಬರುವುದಿಲ್ಲ. ಬೇಗ ಉರಿಯುವ ಮದ್ದೋ, ನಿಧಾನದ್ದೋ, ಕೇಸಿನಲ್ಲಿ ಮೊದಲೇ ಎಷ್ಟು ತುಂಬಿತ್ತು, ಎಲ್ಲದರ ಮೇಲೆ ನಿಂತಿದೆ.

ಹೊಸೂರು_25ಮೀಟರ್
ಎಲ್ಲಾ ತೋಟೆಯೂ ಡಬಲ್ ಆಗುವುದಿಲ್ಲ, ಅದು ಸರಿ. ಆದರೆ ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ ಅಂತ ಗ್ಯಾರೇಜಿನಲ್ಲಿ ಕೂತವನಿಗೆ ಗೊತ್ತಾಗುವುದು ಹೇಗೆ? ಅವನ ಹತ್ತಿರ ಒತ್ತಡ ಅಳೆಯುವ ನಳಿಗೆ ಇಲ್ಲ. ಆ ಅಂಕಿ ಹೆದರಿಸುವುದಾದರೆ ಹೆದರಿಸಲಿ, ನನ್ನ ಮಟ್ಟಿಗೆ ಒಳ್ಳೆಯದೇ.

9 ಎಂಎಂಗೆ ತೋಟೆಗಳ ಅಳತೆ ನಿಗದಿ ಮಾಡುವ ಅಮೆರಿಕದ ಸಾಮಿ ಸಂಸ್ಥೆ ಇಟ್ಟ ಮಿತಿ 35,000 ಪಿಎಸ್ಐ. ಕಾರಿನ ಟೈರಿಗೆ ನಾವು ಹಾಕುವುದು 32. ಸಾವಿರ ಪಾಲು ಜಾಸ್ತಿ ಆಯಿತು, ಅದೂ ಅಂಗೈಯೊಳಗೆ. .45 ಪಿಸ್ತೂಲ್ ತೋಟೆಗೆ ಮಿತಿ 21,000, .38 ಸ್ಪೆಷಲ್ ರಿವಾಲ್ವರ್ ತೋಟೆಗೆ 17,000. .38ರ ಕೇಸ್ ಉದ್ದ, ಒಳಗೆ ಜಾಗ ಧಾರಾಳ, ಅದು ಸಣ್ಣ ತಪ್ಪನ್ನು ತಡೆದುಕೊಳ್ಳುತ್ತದೆ. 9 ಎಂಎಂ, .40 ಹಾಗಲ್ಲ. ಸಣ್ಣ ಕೇಸ್, ದೊಡ್ಡ ಒತ್ತಡ.

ಇನ್ನೊಂದು ಉದಾಹರಣೆ ನನ್ನದೇ ಆಟದ್ದು. 25 ಮೀಟರ್ ಸೆಂಟರ್ ಫೈರ್ ಪಿಸ್ತೂಲ್ ಸ್ಪರ್ಧೆಯಲ್ಲಿ .32 ಎಸ್ ಆಂಡ್ ಡಬ್ಲ್ಯು ಲಾಂಗ್ ವ್ಯಾಡ್‌ಕಟರ್ ತೋಟೆ ನೋಡಿ. ಗುಂಡು ಕೇಸಿನ ಬಾಯಿಗೆ ಸಮಕ್ಕೆ ಒಳಗೇ ಕೂತಿರುತ್ತದೆ, ಹೊರಗೆ ಮೂತಿಯೇ ಇಲ್ಲ, ಮುಚ್ಚಿದ ಡಬ್ಬಿಯ ಹಾಗೆ. ಅಷ್ಟು ಒಳಗೆ ಕೂರಿಸಿಯೂ ಅಪಾಯ ಇಲ್ಲ, ಯಾಕೆಂದರೆ ಮದ್ದನ್ನು ಆ ಜಾಗಕ್ಕೆ ತಕ್ಕ ಹಾಗೆ ಬಹಳ ಕಮ್ಮಿ ಇಟ್ಟಿರುತ್ತಾರೆ. ಒಳಗೆ ಕೂರುವುದೇ ತಪ್ಪಲ್ಲ. ಒಳಗೆ ಕೂತಿದೆ ಅಂತ ಗೊತ್ತಿಲ್ಲದೆ ಹಳೆಯ ಮದ್ದು ಹಾಕುವುದು ತಪ್ಪು.

ವೇದಿಕೆ_ನಿರ್ವಾಹಕಿ
ಒಂದು ವಿನಂತಿ. ಯಾರೂ ಇಲ್ಲಿ ಮದ್ದಿನ ಹೆಸರು, ಎಷ್ಟು ಗ್ರೇನ್ ಹಾಕಬೇಕು ಅಂತ ಬರೆಯಬೇಡಿ. ಅದನ್ನು ಗುಂಡು ತಯಾರಿಸಿದವರ ಕೈಪಿಡಿಯಲ್ಲೇ ನೋಡಬೇಕು. ಇನ್ನೊಂದು, ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ತೋಟೆ ತಯಾರಿಸುವುದು ಅಪರಾಧ. ಇದು ಒಹಾಯೊದ ಗ್ಯಾರೇಜಿನ ಕಥೆ, ಬದಿಯಡ್ಕದ ಕೊಟ್ಟಿಗೆಯದ್ದಲ್ಲ.

ಉಪ್ಪಳ_ದುಬೈ
ನಮ್ಮಲ್ಲಿ ಇದ್ದ ಕೋವಿಯನ್ನೇ ಪ್ರತಿ ಎಲೆಕ್ಷನ್ ಬಂದಾಗ ಸ್ಟೇಷನ್ನಿನಲ್ಲಿ ಇಡಬೇಕು. ಆ ಹೊತ್ತಿಗೇ ಹಂದಿ ಬಂದು ಮರಗೆಣಸು ಪೂರ್ತಿ ಅಗೆದು ಹಾಕುತ್ತದೆ.

ಬಂದಡ್ಕ_ಕೃಷಿಕ
ಅದು ಹೇಳಿ ಪ್ರಯೋಜನ ಇಲ್ಲ. 2022ರಲ್ಲಿ ಕೇರಳ ಸರಕಾರ ಹಂದಿ ಹೊಡೆಸುವ ಅಧಿಕಾರ ಪಂಚಾಯತಿಗೆ ಕೊಟ್ಟಿತು, ಆದರೆ ಹೊಡೆಯುವವರೂ ಬೇಕಲ್ಲ. ಲೈಸೆನ್ಸ್ ಇರುವವರೆಲ್ಲ ನನ್ನ ಪ್ರಾಯದವರು, ರಾತ್ರಿ ಕಾಯಲು ಕಣ್ಣು ಸಾಲದು. ಮಕ್ಕಳೆಲ್ಲ ಬೆಂಗಳೂರು, ದುಬೈ.

ತಾಳವಾಡಿ_ಬಸ್
ಮದ್ದಿನ ಮಾತು ಬಂತಲ್ಲ, ಊಟಿ ರೈಲಿನಲ್ಲಿ ಹೋಗುವವರು ಕೂನೂರು ದಾಟಿದ ಮೇಲೆ ಅರುವಂಕಾಡು ಸ್ಟೇಷನ್ ನೋಡಿ. ಅಲ್ಲಿಯ ಕಾರ್ಡೈಟ್ ಕಾರ್ಖಾನೆ ಬ್ರಿಟಿಷರ ಕಾಲದ್ದು. ಟೀಚರ್ ಹೇಳಿದ ಹೊಗೆರಹಿತ ಮದ್ದೇ ಅಲ್ಲಿ ಆಗುತ್ತಿದ್ದದ್ದು. ನಾನು ಎಷ್ಟೋ ಸಲ ಆ ದಾರಿಯಲ್ಲಿ ಹೋಗಿದ್ದೇನೆ, ಒಳಗೆ ಏನು ಮಾಡುತ್ತಾರೆ ಅಂತ ತಿಳಿದದ್ದು ಮಾತ್ರ ತಡವಾಗಿ.

ಮುಳ್ಳೇರಿಯಾ_ಮಾಜಿಸೈನಿಕ
ವಿಷಯಕ್ಕೆ ಬನ್ನಿ. ಗುಂಡು ಒಳಗೆ ಸರಿಯದ ಹಾಗೆ ಮಾಡಲು ಕೇಸಿನ ಬಾಯಿಯನ್ನು ಗಟ್ಟಿಯಾಗಿ ಕ್ರಿಂಪ್ ಮಾಡಿದರೆ, ಅಂದರೆ ಒಳಕ್ಕೆ ಒತ್ತಿದರೆ ಸಾಕಲ್ಲ?

ಹೊಸೂರು_25ಮೀಟರ್
ಸಾಲದು ಸರ್, ಇದು ಎಲ್ಲರೂ ಮಾಡುವ ತಪ್ಪು. ಗುಂಡನ್ನು ಹಿಡಿದಿಡುವುದು ಕೇಸಿನ ಗೋಡೆ, ಬಾಯಿ ಅಲ್ಲ. ಗುಂಡಿಗಿಂತ ಕೇಸಿನ ಒಳಗಳತೆ ಸ್ವಲ್ಪ ಸಣ್ಣದಿರಬೇಕು, ಗುಂಡು ಒತ್ತಿ ಒಳಗೆ ಹೋಗಬೇಕು. ನೀರ್ಚಾಲಿನವರಿಗೆ ಗೊತ್ತಿರುತ್ತದೆ.

ನೀರ್ಚಾಲಿನ_ಲೇತ್
ಬೇರಿಂಗನ್ನು ಶಾಫ್ಟಿಗೆ ಪ್ರೆಸ್ ಫಿಟ್ ಮಾಡುವ ಹಾಗೆ. ಗೊತ್ತಾಯಿತು.

ಹೊಸೂರು_25ಮೀಟರ್
ಅದೇ. ಕ್ರಿಂಪ್ ಅತಿಯಾಗಿ ಒತ್ತಿದರೆ ಏನಾಗುತ್ತದೆ ಗೊತ್ತಾ? ಗುಂಡಿನ ಸೀಸ ಕುಗ್ಗಿ ಕೂತಲ್ಲೇ ಕೂರುತ್ತದೆ, ಹಿತ್ತಾಳೆ ಮಾತ್ರ ಒತ್ತಿದ ಮೇಲೆ ಸ್ವಲ್ಪ ಹಿಂದಕ್ಕೆ ಬಿಚ್ಚಿಕೊಳ್ಳುತ್ತದೆ. ಆಗ ಹಿಡಿತ ಮೊದಲಿಗಿಂತ ಸಡಿಲ. ಅದಲ್ಲದೆ 9 ಎಂಎಂ ಕೇಸ್ ಚೇಂಬರಿನಲ್ಲಿ ನಿಲ್ಲುವುದೇ ತನ್ನ ಬಾಯಿಯ ಅಂಚಿನ ಮೇಲೆ, ಅದನ್ನು ಒಳಗೆ ಮಡಚಿಬಿಟ್ಟರೆ ತೋಟೆ ನಿಲ್ಲಬೇಕಾದಲ್ಲಿ ನಿಲ್ಲುವುದಿಲ್ಲ. ಗುಂಡು ಕೂರಿಸಲು ಬಾಯಿ ಅಗಲಿಸುತ್ತಾರಲ್ಲ, ಅದನ್ನು ನೇರ ಮಾಡುವಷ್ಟು ಕ್ರಿಂಪ್ ಸಾಕು. ಬಾಯಿ ಬೇಕಾದ್ದಕ್ಕಿಂತ ಆಳಕ್ಕೆ ಅಗಲಿಸಿದರೂ ಹಿಡಿತ ಹೋಗುತ್ತದೆ. ರಿವಾಲ್ವರಿಗೆ ಕಥೆ ಬೇರೆ. ಅಲ್ಲಿ ಒದೆತಕ್ಕೆ ಗುಂಡು ಹೊರಗೆ ಜಾರಿ ಸಿಲಿಂಡರ್ ಸಿಕ್ಕಿಕೊಳ್ಳುತ್ತದೆ, ಅದಕ್ಕೇ ಬಾಯಿಯನ್ನು ಗುಂಡಿನ ತೋಡಿಗೆ ಮಡಚುತ್ತಾರೆ.

ಪರೀಕ್ಷೆ ಸುಲಭ. ತುಂಬಿದ ತೋಟೆ ಅಳೆಯಿರಿ, ಮೂತಿಯನ್ನು ಮೇಜಿನ ಮರದ ಅಂಚಿಗೆ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ, ಮತ್ತೆ ಅಳೆಯಿರಿ. ಉದ್ದ ಕಮ್ಮಿಯಾದರೆ ಆ ತೋಟೆ ಬೇಡ.

ಅಕ್ಕಲಕೋಟ_ರೈಫಲ್
ಹಾಗಾದರೆ ಭಾವನವರು ಗುಂಡನ್ನು ಒಂದೂವರೆ ಎಂಎಂ ಹೊರಗೆ ಎಳೆದು ಕೂರಿಸಿದರೆ ಮುಗಿಯಿತಲ್ಲ? ಒಳಗಿನ ಜಾಗ ಹಳೆಯದೇ ಆಗುತ್ತದೆ.

ಹೊಸೂರು_25ಮೀಟರ್
ಆಗ ಉದ್ದ 30.1 ಆಯಿತು. 9 ಎಂಎಂ ತೋಟೆಯ ಗರಿಷ್ಠ ಉದ್ದ 29.69. ಮ್ಯಾಗಜೀನಿಗೇ ಹಿಡಿಸದು. ಹಿಡಿಸಿದರೂ ಗುಂಡು ಗೆರೆಗಳಿಗೆ ತಾಗಿ ನಿಂತರೆ ನೀವೇ ಮೊದಲು ಹೇಳಿದ ಒತ್ತಡ ಬರುತ್ತದೆ. ಸಿಝೆಡ್ ಕಂಪನಿಯ ಪಿಸ್ತೂಲಿನ ನಳಿಗೆಗಳಲ್ಲಿ ಗೆರೆಗಳು ಹತ್ತಿರವೇ ಶುರುವಾಗುತ್ತವೆ, ಅಲ್ಲಿ ಇದು ಬೇಗ ಕಾಣುತ್ತದೆ. ಪೂರ್ತಿ ತಾಮ್ರದ ಗುಂಡು ಸೀಸದ್ದಕ್ಕಿಂತ ಗಟ್ಟಿ ಕೂಡ, ಗೆರೆಗೆ ಸುಲಭವಾಗಿ ಬಗ್ಗುವುದಿಲ್ಲ. ಆ ಗುಂಡಿಗೆ ಅದರದೇ ಮದ್ದಿನ ಅಳತೆ, ಅದರದೇ ಉದ್ದ. ಬೇರೆ ದಾರಿ ಇಲ್ಲ.

ಮಂಜೇಶ್ವರ_ಟೀಚರ್
ಲೇತಿನ ಅಣ್ಣ, ನಿಮ್ಮ ಭಾವ ಉಳಿದ ತೋಟೆಗಳನ್ನು ಏನು ಮಾಡಿದರು? ದಯವಿಟ್ಟು ಹೊಡೆಯುವುದು ಬೇಡ ಅಂತ ಹೇಳಿ. ಇಷ್ಟು ದಿನ ಏನೂ ಆಗಲಿಲ್ಲ ಅನ್ನುವುದು ಸಾಕ್ಷಿ ಅಲ್ಲ.

ನೀರ್ಚಾಲಿನ_ಲೇತ್
ಟೀಚರ್, ನಿನ್ನೆ ಅದೇ ಕೆಲಸ ಆಯಿತು. ಮೊದಲು ಭಾವನಿಗೆ ಸ್ವಲ್ಪ ಬೇಜಾರಾಯಿತು, ಹದಿನೈದು ವರ್ಷದಿಂದ ತುಂಬುವವರು, ನಾನು ಊರಿನಿಂದ ಫೋನಿನಲ್ಲಿ ಹೇಳುವುದು ಅಂದರೆ ಹಾಗೆಯೇ. ನೀವು ಬರೆದ 0.58, 0.48 ಲೆಕ್ಕವನ್ನು ಹಾಗೇ ಓದಿ ಹೇಳಿದೆ. ಐದು ನಿಮಿಷ ಮಾತಾಡಲಿಲ್ಲ. ಆಮೇಲೆ ಆ ಗುಂಡಿನ ಕೈಪಿಡಿ ಪುಟ ತೆಗೆದರು. ಅವರು ಹಾಕಿದ ಮದ್ದು ಅಲ್ಲಿ ಕೊಟ್ಟ ಗರಿಷ್ಠಕ್ಕಿಂತ ಮೇಲಿತ್ತು.

83 ತೋಟೆ ಉಳಿದಿದ್ದವು. ಗುಂಡು ಬಿಡಿಸಲು ಒಂದು ಪ್ಲಾಸ್ಟಿಕ್ ಸುತ್ತಿಗೆ ಬರುತ್ತದೆ, ತಲೆಯೊಳಗೆ ತೋಟೆ ಸಿಕ್ಕಿಸಿ ಗಟ್ಟಿ ಕಟ್ಟೆಗೆ ಬಡಿದರೆ ಗುಂಡು ತಾನೇ ಕಳಚಿ ಮುಂದೆ ಬೀಳುತ್ತದೆ, ಮದ್ದೂ ಜೊತೆಗೇ. ಕನ್ನಡಕ ಹಾಕಿ ಒಂದೊಂದೇ ಬಡಿದರು. ಮಧ್ಯೆ ಅಕ್ಕ ಬಂದು ಅಲ್ಲಿ ಗಂಟೆ ಹನ್ನೊಂದಾಯಿತು, ಅಕ್ಕಪಕ್ಕದವರು ಮಲಗಬೇಕು ಅಂತ ಬೈದು ಹೋದರು. ನಾನು ಇಲ್ಲಿ ಬೆಳಿಗ್ಗೆಯ ಚಾ ಹಿಡಿದು ಫೋನಿನಲ್ಲಿ ಎಣಿಸುತ್ತಾ ಕೂತಿದ್ದೆ. ನಲವತ್ತಕ್ಕೆ ನಿಲ್ಲಿಸಿದ್ದಾರೆ, ಉಳಿದದ್ದು ಶನಿವಾರ. ಬಿಡಿಸದ 43ರ ಡಬ್ಬದ ಮೇಲೆ ಕೆಂಪು ಟೇಪ್ ಸುತ್ತಿ "ಹೊಡೆಯಬಾರದು" ಅಂತ ಕನ್ನಡದಲ್ಲೇ ಬರೆದಿಟ್ಟಿದ್ದಾರೆ.

ಪೆರ್ಲದವ
ಅಲ್ಲಿಯ ಬೇರೆಯವರಿಗೆ ಕನ್ನಡ ಓದಲು ಬರಬೇಕಲ್ಲ? ಇಂಗ್ಲಿಷಿನಲ್ಲೂ ಬರೆಯಲು ಹೇಳಿ ಅಣ್ಣ.

ನೀರ್ಚಾಲಿನ_ಲೇತ್
ಹೌದಲ್ಲ! ಈಗಲೇ ಫೋನ್ ಮಾಡುತ್ತೇನೆ.